ಮನೆಮಾತಿನಲ್ಲಿ ಬರೆದ ಗಣಿತ

ಡಿಗ್ರಿಗೆ ಗಣಿತ ತೆಗೆದುಕೊಂಡ ಮಕ್ಕಳನ್ನು ಕೇಳಿ ನೋಡಿ. ಬೀಜಗಣಿತ ಹೇಗೋ ದಾಟೀತು, ಅನಾಲಿಸಿಸ್ ಎಂದರೆ ಎದೆ ಝಲ್ಲೆನ್ನುತ್ತದೆ ಎನ್ನುತ್ತಾರೆ. ಹತ್ತನೆಯವರೆಗೆ ಕನ್ನಡದಲ್ಲಿ ಓದಿ ಕಾಲೇಜು ಸೇರಿದ ನನ್ನ ಪಾಡೂ ಅದೇ ಆಗಿತ್ತು. ಅನಂತ ಶ್ರೇಣಿಯ ಪಾಠವನ್ನು ಇಂಗ್ಲಿಷಿನಲ್ಲಿ ಉರು ಹೊಡೆದೆ. ಅಂಕ ಬಂತು, ಅರ್ಥ ಬರಲಿಲ್ಲ. ಅದೇ ಪಾಠವನ್ನು ನೆರೆಯ ಮಲಯಾಳದಲ್ಲಿ ಐನೂರು ವರ್ಷಗಳಷ್ಟು ಹಿಂದೆಯೇ ಕಾರಣ ಸಮೇತ ಬರೆದಿಟ್ಟಿದ್ದಾರೆಂದು ಆಗ ಯಾರೂ ಹೇಳಲಿಲ್ಲ.

ಆ ಗ್ರಂಥ ಜ್ಯೇಷ್ಠದೇವನ 'ಯುಕ್ತಿಭಾಷಾ', ಸುಮಾರು 1530ರದು. ಅದರ ಬೇರು ಸಂಗಮಗ್ರಾಮದ ಮಾಧವನಲ್ಲಿದೆ. ಆತ ಹದಿನಾಲ್ಕನೆಯ ಶತಮಾನದವನು. ವ್ಯಾಸ ಒಂದು ಮಾರು ಇರುವ ಚಕ್ರದ ಸುತ್ತಳತೆ ಎಷ್ಟು? ನಾಲ್ಕು ಮಾರಿನಿಂದ ಹೊರಡಿ. ಆ ನಾಲ್ಕರ ಮೂರನೇ ಒಂದು ಪಾಲು ಕಳೆಯಿರಿ, ಐದನೇ ಒಂದು ಪಾಲು ಕೂಡಿಸಿ, ಏಳನೇ ಒಂದು ಪಾಲು ಕಳೆಯಿರಿ. ಹೀಗೇ ಕೊನೆಯಿಲ್ಲದೆ ಹೋಗಬೇಕು. ನಾಲ್ಕು ಮೆಟ್ಟಿಲಿಗೆ ಬರುವುದು 2.895. ನಿಜವಾದ ಉತ್ತರವೋ 3.1416ರ ಹತ್ತಿರ. ನೂರು ಮೆಟ್ಟಿಲು ಹತ್ತಿದರೂ ಎರಡನೇ ದಶಮಾಂಶ ಸರಿಹೋಗದು!

ಅದಕ್ಕೂ ಅವರಲ್ಲಿ ಉಪಾಯವಿತ್ತು. ನಾಲ್ಕನೇ ಮೆಟ್ಟಿಲಲ್ಲಿ ನಿಲ್ಲುವುದಾದರೆ ಕಾಲು ಮಾರು ಕೂಡಿಸಿ, 3.145 ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತಿದ್ದುಪಡಿಗಳೂ ಇದ್ದವು. ಹನ್ನೊಂದು ದಶಮಾಂಶ ಸ್ಥಾನದವರೆಗೆ ಸರಿಯಾದ ಬೆಲೆಯೊಂದು ಮಾಧವನ ಹೆಸರಿನಲ್ಲಿದೆ. ಯುರೋಪಿನಲ್ಲಿ ಈ ಶ್ರೇಣಿ ಲೈಬ್ನಿಟ್ಸ್‌ಗೆ ಹೊಳೆದದ್ದು 1674ರ ಸುಮಾರಿಗೆ.

ನನಗೆ ಇದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ಸಂಗತಿ. ನೀಲಕಂಠ ಸೋಮಯಾಜಿಯ 'ತಂತ್ರಸಂಗ್ರಹ' ಸಂಸ್ಕೃತ ಶ್ಲೋಕಗಳಲ್ಲಿದೆ. ಸೂತ್ರ ಹೇಳಿ ಮುಂದೆ ಸಾಗುತ್ತದೆ. ಜ್ಯೇಷ್ಠದೇವ ಮಾತ್ರ ಗದ್ಯದಲ್ಲಿ, ಮನೆಮಾತಿನಲ್ಲಿ, ಹೀಗೇಕೆ ಎಂದು ಬಿಡಿಸಿದ. ರೇಖೆಯನ್ನು ಸಣ್ಣ ಸಣ್ಣ ತುಂಡು ಮಾಡು, ತುಂಡು ಕಿರಿದಾದಷ್ಟೂ ತಪ್ಪು ಕಿರಿದಾಗುತ್ತದೆ ಎನ್ನುವ ಜಾಡು ಅದು. ಕಾಲೇಜಿನ 'ಲಿಮಿಟ್' ಇದರ ಹತ್ತಿರದ ನೆಂಟ. ಇಂದಿನ ಕಟ್ಟುನಿಟ್ಟಿನ ವ್ಯಾಖ್ಯೆ ಅಲ್ಲಿಲ್ಲ ನಿಜ. ಅದು ಯುರೋಪಿನಲ್ಲೂ ಹತ್ತೊಂಬತ್ತನೆಯ ಶತಮಾನದವರೆಗೆ ಇರಲಿಲ್ಲ.

ಕಂಪನಿ ಸರಕಾರದ ನೌಕರ ವಿಷ್ ಎಂಬಾತನ ಲೇಖನ 1834ರಲ್ಲಿ ಇದನ್ನು ಹೊರಗಿನವರಿಗೆ ತಿಳಿಸಿತು. ಆದರೂ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಗಣಿತಭಾಗ ತ್ರಿಶೂರಿನಲ್ಲಿ ಅಚ್ಚಾದದ್ದು 1948ರಲ್ಲಿ. ಇಂಗ್ಲಿಷ್ ಅನುವಾದ ಹೊರಬಂದದ್ದು 2008ರಲ್ಲಿ. ಮಲಯಾಳ ಓದಬಲ್ಲ ನಮ್ಮ ಕಾಸರಗೋಡಿನ ಮಕ್ಕಳಿಗೆ ಮೂಲವೇ ಕೈಗೆಟುಕುತ್ತದೆ. ಭಾಷೆ ಹಳತು, ಅಲ್ಲಲ್ಲಿ ತೊಡಕು. ಪಕ್ಕದ ಮನೆಯ ಮಲಯಾಳಿ ಅಜ್ಜನನ್ನು ಒಂದೆರಡು ಶಬ್ದ ಕೇಳಬೇಕಾದೀತು.