ವಕ್ಕಲೇರಿ ಸೀಮೆಯ ಕೋಳಿಯ ಕುಲವಿಚಾರ

ವಕ್ಕಲೇರಿಯ ಹೆಸರು ಚರಿತ್ರಕಾರರಿಗೆ ಸುಪರಿಚಿತವಾದುದು. ಬಾದಾಮಿಯ ಚಾಲುಕ್ಯ ಎರಡನೆಯ ಕೀರ್ತಿವರ್ಮನ ಕ್ರಿ. ಶ. 757 ರ ತಾಮ್ರಶಾಸನವು ಇಲ್ಲಿ ದೊರೆತು, ಆ ರಾಜವಂಶದ ಪರಂಪರೆಯನ್ನು ನಮಗೆ ತಿಳುಹಿಸಿತು. ಅದೇ ಸೀಮೆಯ ಹಿತ್ತಲುಗಳಲ್ಲಿ ಕೆದಕಿ ಬದುಕುವ ಕೋಳಿಗೂ ಒಂದು ಕುಲವುಂಟು. ಆದರೆ ಅದಕ್ಕೆ ಶಾಸನವೂ ಇಲ್ಲ, ರಾಜಮುದ್ರೆಯೂ ಇಲ್ಲ. ಆದುದರಿಂದಲೇ ಸಂತೆಯಲ್ಲಿ ಬಣ್ಣದ ಗರಿಯುಳ್ಳುದೆಲ್ಲವೂ ‘ನಾಟಿ’ಯೆಂದು ಮಾರಿಹೋಗುತ್ತಿದೆ.

ಆ ಕುಲದ ಹೆಸರು ಘಾಗಸ್. ಕೋಲಾರದ ಸೀಮೆಯೂ ಅದಕ್ಕೆ ಹೊಂದಿದ ಆಂಧ್ರದ ಗಡಿನಾಡೂ ಅದರ ನೆಲೆ. ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು ಮಾನ್ಯಮಾಡಿರುವ ದೇಶೀಯ ತಳಿಗಳ ಪಟ್ಟಿಯಲ್ಲಿ ಅದು ಸೇರಿದೆ. ಮನೆಯಂಗಳದಲ್ಲಿ ಮಾತ್ರ ಅದರ ಹೆಸರನ್ನು ಬಲ್ಲವರು ವಿರಳ! ಮೈಬಣ್ಣ ಬಹುಮಟ್ಟಿಗೆ ಕಂದು, ಕೆಲವಕ್ಕೆ ಕಪ್ಪು, ಹುಂಜದ ಕೊರಳಿಗೆ ಹೊಂಬಣ್ಣ, ಗಂಟಲಿನ ಚರ್ಮ ಸಡಿಲ, ಕಾಲುಗಳು ದೃಢವಾದುವು.

ಆದರೆ ಬಾಹ್ಯಲಕ್ಷಣದಿಂದಲೇ ಕುಲವನ್ನು ನಿಶ್ಚಯಿಸುವ ಕಾಲ ಕಳೆದುಹೋಯಿತು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕುಕ್ಕುಟಲಕ್ಷಣಕ್ಕೆಂದೇ ಒಂದು ಕಿರಿಯ ಅಧ್ಯಾಯವನ್ನು ಮೀಸಲಿಟ್ಟು, ಹುಂಜದ ಗರಿ, ಬೆರಳು, ಜುಟ್ಟುಗಳನ್ನೂ ಹೇಂಟೆಯ ಇನಿದನಿ, ಮೈಕಾಂತಿಗಳನ್ನೂ ವರ್ಣಿಸಿದನು. ಕಾವು ಕೂರುವ ಮಾತನ್ನು ಆತನು ಎತ್ತಲಿಲ್ಲ. ಕಾವು ಕೂರದ ಹೇಂಟೆಯನ್ನು ಆ ಕಾಲದವರು ಊಹಿಸಿರಲಾರರು. ಇಂದಿನ ಪರೀಕ್ಷೆಯಾದರೋ ಅಲ್ಲಿಯೇ ಇದೆ. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, 2005 ರಲ್ಲಿ ಬಂದ ಸ್ವರ್ಣಧಾರ, ಇವು ನಾನಾವರ್ಣದ ಗರಿಗಳಿಂದ ಹಳ್ಳಿಯ ಕೋಳಿಯನ್ನೇ ಹೋಲುತ್ತವೆ. ಬಡ ಒಕ್ಕಲಿಗೆ ಇವುಗಳಿಂದ ಉಪಕಾರವಾಗಿರುವುದು ನಿಜ. ಗಿರಿರಾಜದ ಹೇಂಟೆ ವರ್ಷಕ್ಕೆ 130 ರಿಂದ 150 ಮೊಟ್ಟೆ ಇಡುತ್ತದೆ, ನಾಟಿಯದು ಸುಮಾರು 50, 60. ಆಕ್ಷೇಪವಿರುವುದು ಒಂದನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದಕ್ಕೆ.

ಈ ವ್ಯತ್ಯಾಸದ ಕಾರಣವು ಸರಳವಾದುದು. ಕಾವು ಕುಳಿತ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಯಂತ್ರವು 21 ದಿನಗಳಲ್ಲಿ ಮರಿಮಾಡಿಕೊಡುವಾಗ ಆ ಗುಣವು ಸಾಕುವವನಿಗೆ ನಷ್ಟವೇ. ಆದಕಾರಣ ತಲೆಮಾರು ತಲೆಮಾರಾಗಿ ಅದನ್ನು ಆಯ್ದು ತೆಗೆದರು. ನಿಜವಾದ ನಾಟಿ ಹೇಂಟೆಯಾದರೆ ಹತ್ತುಹನ್ನೆರಡು ಮೊಟ್ಟೆಯಿಟ್ಟು, ಮೈಗರಿಯನ್ನು ಉಬ್ಬಿಸಿ, ಕೈಹಾಕಿದವರನ್ನು ಕುಕ್ಕುತ್ತ ಬುಟ್ಟಿಯಲ್ಲಿ ಕುಳಿತುಬಿಡುತ್ತದೆ. ಗರುಡನ ನೆರಳು ಬಿದ್ದೊಡನೆ ಕೂಗಿ ಮರಿಗಳನ್ನು ರೆಕ್ಕೆಯಡಿಗೆ ಸೇರಿಸುತ್ತದೆ. ಘಾಗಸ್ ಹೇಂಟೆ ಈ ತಾಯ್ತನಕ್ಕೆ ಹೆಸರಾದುದು.

ಹಾಗೆಂದು ಯಂತ್ರದಲ್ಲಿ ಒಡೆದ ಮಾತ್ರಕ್ಕೆ ಮರಿಯು ಕುಲಗೆಡುವುದೆಂದು ತಿಳಿಯಬಾರದು. ಹೈದರಾಬಾದಿನ ಕುಕ್ಕುಟ ಸಂಶೋಧನ ನಿರ್ದೇಶನಾಲಯವು ಘಾಗಸ್ ತಳಿಯನ್ನು ಬೇರೆಯಾಗಿ ಕಾಪಾಡಿಕೊಂಡು ಬಂದಿದೆ. ಅಲ್ಲಿಯ ಮರಿಯೂ ಘಾಗಸ್ಸೇ. ನಾಟಿ ಹೇಂಟೆಯ ಕೆಳಗೆ ಇಟ್ಟು ಮರಿಮಾಡಿಸಿದ ಗಿರಿರಾಜದ ಮೊಟ್ಟೆಯಿಂದ ಗಿರಿರಾಜವೇ ಬರುತ್ತದೆ. ಕೊಳ್ಳುವವರು ಗರಿಯ ಬಣ್ಣವನ್ನು ನೋಡುವುದಕ್ಕಿಂತ ಅದರ ತಾಯಿ ಯಾರ ಮನೆಯದು, ಎಷ್ಟು ಸಲ ಕಾವು ಕುಳಿತಿತು ಎಂದು ಕೇಳುವುದು ಮೇಲು.