‘ಸೈಟ್’ ಅಂದ್ರ ಯಾರ ಸೈಟು? ಮಾಡ್ಯೂಲ್ ಹೋಗಿ ಕೂರೋ ಜಾಗದ ಇತಿಹಾಸ

ಕೋಡ್ ಚರಿತ್ರೆ ಸರಣಿ · ಕಂತು 6 👇

ಹಾವೇರಿ, ರಾಣೇಬೆನ್ನೂರ ಕಡೆ ‘ಸೈಟ್ ತಗೊಂಡ್ರು’ ಅಂದ್ರ 30×40 ಜಾಗ ಅಂತ ಎಲ್ರಿಗೂ ಗೊತ್ತು. ಪೈಥಾನ್ ಹಾಕಿದಾಗ ಬರೋ ‘ಸೈಟ್-ಪ್ಯಾಕೇಜಸ್’ ಫೋಲ್ಡರಿನ ಸೈಟ್ ಯಾರದು? ಹೊಸ ಉಬುಂಟುವಿನಲ್ಲಿ ಪಿಪ್ ಇನ್‌ಸ್ಟಾಲ್ ಕೊಟ್ಟು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅನ್ನೋ ಎರರ್ ತಿಂದವರು ಈ ಕಂತು ಪೂರ್ತಿ ಓದ್ರಿ. ಆ ಎರರ್ ಹಿಂದ ಹಳೇ ಜಾಗದ ಜಗಳ ಐತಿ.

1970ರ ದಶಕದ ಆರಂಭ, ಬೆಲ್ ಲ್ಯಾಬ್ಸ್. ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಪಿಡಿಪಿ-11 ಮೇಲೆ ಯೂನಿಕ್ಸ್ ಕಟ್ಟುತ್ತಿದ್ದ ಕಾಲ. ಆಗ ‘/ಯುಎಸ್‌ಆರ್’ ಅಂದರೆ ಬಳಕೆದಾರರ ಮನೆ. ಮೊದಲ ಡಿಸ್ಕ್ ತುಂಬಿದಾಗ ಸಿಸ್ಟಂ ಪ್ರೋಗ್ರಾಂಗಳೂ ಅಲ್ಲೇ ಬಂದು ಕೂತವು. ಕೊನೆಗೆ ಮನೆಯವರೇ ಬೇರೆ ಕಡೆ ಹೋದ್ರು, ಬಂದವರು ಉಳಿದ್ರು! ಮುಂದೆ ‘/ಯುಎಸ್‌ಆರ್/ಲೋಕಲ್’ ಬಂತು. ಸಿಸ್ಟಂ ಜೊತೆ ಬರದೆ, ಆಯಾ ಕೇಂದ್ರದವರು ತಾವೇ ಹಾಕಿಕೊಂಡ ಸಾಫ್ಟ್‌ವೇರ್ ಇಡೋ ಜಾಗ ಅದು. ಆ ‘ಕೇಂದ್ರ’ವೇ ಸೈಟ್: ಒಂದು ವಿಶ್ವವಿದ್ಯಾಲಯ ಇರಬಹುದು, ಒಂದು ಕಂಪನಿ ಇರಬಹುದು. ಕೀಲಿಕೈ ಅಲ್ಲಿನ ಅಡ್ಮಿನ್ ಹತ್ರ.

ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಭಾಷೆಗೆ 1994ರ 5ನೇ ಆವೃತ್ತಿಯಲ್ಲಿ ಮಾಡ್ಯೂಲ್‌ಗಳು ಬಂದವು. 1995ರಲ್ಲಿ ಅವನ್ನೆಲ್ಲ ಒಂದೆಡೆ ಕೂಡಿಸಿಟ್ಟ ಸಿಪ್ಯಾನ್ ಶುರುವಾಯ್ತು. ಕಾಲಕ್ರಮೇಣ ಪರ್ಲ್‌ನಲ್ಲಿ ಮೂರು ಜಾಗ ಆದವು: ಭಾಷೆಯ ಜೊತೆ ಬಂದದ್ದಕ್ಕೆ ಕೋರ್, ಲಿನಕ್ಸ್ ಕಂಪನಿ ಕೊಟ್ಟದ್ದಕ್ಕೆ ವೆಂಡರ್, ನೀವು ಹಾಕಿದ್ದಕ್ಕೆ ಸೈಟ್.

ಒಂದೇ ಹೆಸರಿನ ಮಾಡ್ಯೂಲ್ ಎರಡು ಕಡೆ ಇದ್ರ? ನಮ್ಮ ಬ್ಯಾಡಗಿ ಮಾರ್ಕೆಟ್ಟಿಗೆ ಬಳ್ಳಾರಿ, ರಾಯಚೂರು, ಆಂಧ್ರದ ಮೆಣಸಿನಕಾಯಿನೂ ಬರ್ತಾವು. ಚೀಲ ಬ್ಯಾಡಗಿಯಲ್ಲಿ ಇಳಿದ ಮಾತ್ರಕ್ಕೆ ಖರೀದಿದಾರ ನಂಬೋದಿಲ್ಲ, ಕಾಯಿ ಮುರಿದು ಬಣ್ಣ ನೋಡ್ತಾನ. ಕಂಪ್ಯೂಟರ್ ಹಂಗೆಲ್ಲ ನೋಡೋದಿಲ್ಲ. ಹುಡುಕೋ ಪಟ್ಟಿಯಲ್ಲಿ ಮೊದಲು ಸಿಕ್ಕ ಚೀಲ ಬಿಚ್ಚತೈತಿ, ಅಷ್ಟೇ. ಹಳೆ ಪರ್ಲ್ ಕೋರ್ ಜಾಗವನ್ನೇ ಮೊದಲು ಹುಡುಕುತ್ತಿತ್ತು. ಹಾಗಾಗಿ ಕೋರ್‌ನಲ್ಲಿರೋ ಮಾಡ್ಯೂಲ್‌ನ ಹೊಸ ಆವೃತ್ತಿಯನ್ನ ಸೈಟ್‌ನಲ್ಲಿ ಇಟ್ರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಅದಕ್ಕೇ ಕೋರ್ ಮೇಲೇ ಬರೆದುಬಿಡೋ ರೂಢಿ ಇತ್ತು. 2010ರ ಪರ್ಲ್ 5.12 ಈ ಸಾಲನ್ನೇ ತಿರುಗಿಸಿತು: ಮೊದಲು ಸೈಟ್, ಆಮೇಲೆ ವೆಂಡರ್, ಕೊನೆಗೆ ಕೋರ್.

ಪೈಥಾನ್ ದಾರಿ ಬೇರೆ. ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಸೈಟ್-ಪ್ಯಾಕೇಜಸ್‌ನೊಳಗೆ ಬರೆಯೋಕೆ ಆಗ್ತಿರಲಿಲ್ಲ. ಲ್ಯಾಬಿನಲ್ಲಿ ಕೂತ ವಿದ್ಯಾರ್ಥಿ ಒಂದು ಲೈಬ್ರರಿಗಾಗಿ ಯಾರನ್ನೋ ಕಾಯಬೇಕಿತ್ತು. ಅಕ್ಟೋಬರ್ 2008ರ ಪೈಥಾನ್ 2.6 ಪ್ರತಿ ಬಳಕೆದಾರನಿಗೂ ಅವನ ಹೋಮ್ ಫೋಲ್ಡರಿನಲ್ಲೇ ಒಂದು ಸೈಟ್-ಪ್ಯಾಕೇಜಸ್ ಕೊಟ್ಟಿತು (ಪೆಪ್ 370). ನನ್ನ ಲೆಕ್ಕದಲ್ಲಿ ಇಡೀ ಕಥೆಯ ದೊಡ್ಡ ತಿರುವು ಇದೇ. ಅದರ ಹಿಂದಿನ ವರ್ಷವೇ ಇಯಾನ್ ಬಿಕಿಂಗ್ ವರ್ಚುವಲ್‌ಎನ್ವ್ ತಂದಿದ್ದರು. ಅದರಲ್ಲಿ ಪ್ರಾಜೆಕ್ಟಿಗೊಂದು ಬೇರೆ ಜಾಗ. 2012ರಲ್ಲಿ ಆ ವಿಚಾರವೇ ‘ವೆನ್ವ್’ ಆಗಿ ಪೈಥಾನ್ 3.3ರೊಳಗೆ ಸೇರಿತು. ಪಿಪ್ ಮಾತ್ರ ನಿಧಾನ. ಸಿಸ್ಟಂ ಜಾಗಕ್ಕೆ ಬರೆಯೋಕೆ ಆಗದಿದ್ದರೆ ತಾನಾಗೇ ಹೋಮ್ ಫೋಲ್ಡರಿಗೆ ಹಾಕೋದನ್ನ ಅದು ಕಲಿತದ್ದು 2020ರಲ್ಲಿ.

ಅಷ್ಟರೊಳಗೆ ‘ಸುಡೋ ಪಿಪ್’ ಅನ್ನೋ ಚಟ ಎಲ್ಲ ಕಡೆ ಹಬ್ಬಿತ್ತು. ರೆಡ್ ಹ್ಯಾಟ್‌ನಲ್ಲಿ ಸಾಫ್ಟ್‌ವೇರ್ ಹಾಕೋ ‘ಯಮ್’ ಕೂಡ ಪೈಥಾನ್‌ನಲ್ಲೇ ಬರೆದದ್ದು. ಅದರ ಕೆಳಗಿನ ಮಾಡ್ಯೂಲ್ ಬದಲಾದ್ರೆ ಯಮ್ ಕೂಡ ಮಲಗಬಹುದು. ಡೆಬಿಯನ್‌ನವರು ತಮ್ಮ ಫೋಲ್ಡರಿಗೆ ‘ಡಿಸ್ಟ್-ಪ್ಯಾಕೇಜಸ್’ ಅಂತ ಬೇರೆ ಹೆಸರಿಟ್ಟು, ನೀವೇ ಕಂಪೈಲ್ ಮಾಡಿದ ಪೈಥಾನ್ ಜೊತೆ ಗುದ್ದಾಟ ತಪ್ಪಿಸಿದ್ರು. ಆದ್ರೂ ಸಾಕಾಗಲಿಲ್ಲ. 2021ರಲ್ಲಿ ಬರೆದ ಪೆಪ್ 668 ನೇರ ಬೇಲಿ ಹಾಕಿತು: ಇದು ಸಿಸ್ಟಂನ ಜಾಗ, ನಿಮ್ಮದನ್ನ ವೆನ್ವ್‌ನಲ್ಲಿ ಇಟ್ಕೊಳ್ಳಿ. ಜೂನ್ 2023ರ ಡೆಬಿಯನ್ 12ರಲ್ಲಿ ಅದು ಜಾರಿ ಆಯ್ತು. ಉಬುಂಟುವಿನ ನಿಮ್ಮ ಎರರ್ರೂ ಅದೇ. ಸಿಟ್ಟು ಬರತೈತಿ ಖರೆ, ಆದ್ರ ಅದು ಕಾಯ್ತಿರೋದು ನಿಮ್ಮ ಸಿಸ್ಟಂನ್ನೇ.

ಇನ್ನು ವಿಂಡೋಸ್. ಹಳೆ ಪೈಥಾನ್ ಸೀದಾ ಸಿ ಡ್ರೈವ್‌ನಲ್ಲಿ ಕೂರುತ್ತಿತ್ತು. 2015ರ 3.5ರಿಂದ ಡಿಫಾಲ್ಟ್ ಜಾಗ ಬಳಕೆದಾರನ ಫೋಲ್ಡರಿನ ‘ಆಪ್‌ಡೇಟಾ’ ಒಳಗೆ. ಅಡ್ಮಿನ್ ಬೇಕಿಲ್ಲ, ಒಳ್ಳೇದೇ. ಆದರೆ ಈಗ ನಿಮ್ಮ ಹೆಸರೂ ದಾರಿಯ ಭಾಗ. ಆ ಹೆಸರು ಕನ್ನಡದಲ್ಲಿದ್ರೆ? ಹಳೆ ಪ್ರೋಗ್ರಾಂಗಳು ಅಕ್ಷರ ಓದೋದು ಎಎನ್‌ಎಸ್‌ಐ ಕೋಡ್‌ಪೇಜ್ ಮೂಲಕ. ರಷ್ಯನ್‌ಗೆ, ಗ್ರೀಕ್‌ಗೆ ವಿಂಡೋಸ್‌ನಲ್ಲಿ ಅಂಥದ್ದು ಒಂದೊಂದು ಐತಿ, ಕನ್ನಡಕ್ಕೆ ಒಂದೂ ಇಲ್ಲ. ನಮ್ಮ ಅಕ್ಷರ ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ರೂಪದಲ್ಲಿ. ಹಾಗಾಗಿ ಅಂಥ ಪ್ರೋಗ್ರಾಂಗಳಿಗೆ ಕನ್ನಡ ಹೆಸರಿನ ಫೋಲ್ಡರ್ ಅಂದ್ರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಡಿಸೆಂಬರ್ 2016ರ ಪೈಥಾನ್ 3.6 ವಿಂಡೋಸ್‌ನ ಫೈಲ್ ಹೆಸರುಗಳಿಗೆ ಯುಟಿಎಫ್-8 ತಂದು (ಪೆಪ್ 529) ತನ್ನ ಕಡೆಯ ತೊಡಕು ಬಿಡಿಸಿತು. ಎಲ್ಲ ಟೂಲ್‌ಗಳೂ ಅಷ್ಟು ದೂರ ಬಂದಿಲ್ಲ. ‘ಯೂಸರ್‌ನೇಮ್ ಇಂಗ್ಲಿಷಿನಲ್ಲೇ ಇರಲಿ’ ಅನ್ನೋ ಸಲಹೆ ಇನ್ನೂ ಓಡಾಡ್ತಿರೋದು ಅದಕ್ಕೇ.

ನಿಮ್ಮ ಮಷಿನ್‌ದಾಗ ‘ಪೈಥಾನ್ -ಎಂ ಸೈಟ್’ ಅಂತ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡ್ರಿ. ಯಾವ ಜಾಗ ಮೊದಲು, ಯಾವುದು ಆಮೇಲೆ ಅನ್ನೋ ಪೂರ್ತಿ ಪಟ್ಟಿ ಬರತೈತಿ. ಕನ್ನಡ ಯೂಸರ್‌ನೇಮ್ ಇಟ್ಕೊಂಡವರು ಯಾರಾದ್ರೂ ಇದ್ರ, ಏನು ಕಾಣಿಸ್ತು ಅಂತ ಕೆಳಗ ಬರೀರಿ.

ಕಂತು 7: ನೋಡ್ ಮಾಡ್ಯೂಲ್ಸ್ ಯಾಕ ಅಷ್ಟು ಭಾರ 🌶️

#ಕೋಡ್‌ಚರಿತ್ರೆ #ಹಾವೇರಿ #ರಾಣೇಬೆನ್ನೂರು #ಬ್ಯಾಡಗಿ #ಕನ್ನಡದಲ್ಲಿಪೈಥಾನ್