ಒಂದೇ ಸಲದ ಗುಟ್ಟು

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಿಯೂ ಅದರ ನೆರೆಯ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿಯೂ ತೆಂಗಿನಕಾಯಿಯನ್ನು ಕೆಡವಿದೊಡನೆಯೇ ಮಾರದೆ, ಮಟ್ಟೆಸಹಿತವಾಗಿ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಅಲುಗಿಸಿದರೆ ಸದ್ದು ಮಾಡುವ ತನಕ ತಿಂಗಳುಗಟ್ಟಲೆ ಕಾಯುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಹೀಗೆ ವರ್ಷವೊಂದರ ತಾಳ್ಮೆಯಿಂದ ಪಕ್ವವಾದ ಉಂಡೆ ಕೊಬ್ಬರಿಯನ್ನು ಮಾರಿ ಬಂದ ಹಣ ಬ್ಯಾಂಕಿನ ಖಾತೆಗೆ ಸೇರಿದ ಬಳಿಕ, ಅದನ್ನು ಕಾಯುವ ಕೆಲಸ ಬೀಳುವುದು ಕೆಲವೇ ನಿಮಿಷ ಬದುಕಿ ಸಾಯುವ ಆರು ಅಂಕೆಗಳ ಮೇಲೆ. ಊರವರು ಓಟಿಪಿ ಎಂದು ಕರೆಯುವ ಈ ಅಂಕೆಗಳು ದೂರದೇಶದ ಗಣಿತಜ್ಞರ ಕಾಣಿಕೆಯೆಂಬುದು ನಿಜವೇ ಆದರೂ, ಅವುಗಳ ಹಿಂದಿರುವ ಅಗತ್ಯವನ್ನು ನಮ್ಮ ಜಾತ್ರೆಗಳು ಬಹುಕಾಲದ ಹಿಂದೆಯೇ ಅರಿತಿದ್ದವು.

ಹಳೆಯ ಮೈಸೂರು ಸೀಮೆಯ ದನಗಳ ಜಾತ್ರೆಯಲ್ಲಿ ದಲ್ಲಾಳಿಯು ತನ್ನ ವಲ್ಲಿಯನ್ನು ಕೈಮೇಲೆ ಹರಡಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಡಿದು ಬೆಲೆ ಕುದುರಿಸುತ್ತಿದ್ದುದನ್ನು ಕಂಡವರು ಇಂದಿಗೂ ಉಂಟು. ಎಷ್ಟು ಬೆರಳಿಗೆ ಎಷ್ಟು ರೂಪಾಯಿ ಎಂಬುದು ಸುತ್ತ ನೆರೆದ ಜಾಣರಿಗೆಲ್ಲ ತಿಳಿದ ಭಾಷೆಯೇ. ತಿಳಿಯದುದು ಆ ಕ್ಷಣದಲ್ಲಿ ಯಾವ ಬೆರಳು ಹಿಡಿಯಲ್ಪಟ್ಟಿತು ಎಂಬುದೊಂದೇ. ವ್ಯಾಪಾರ ಕುದುರಿ ವಲ್ಲಿ ಮರಳಿ ಹೆಗಲೇರಿದ ಮೇಲೆ ಆ ಗುಟ್ಟು ಯಾರ ಕಿವಿಗೆ ಬಿದ್ದರೂ ನಷ್ಟವಿರಲಿಲ್ಲ. ನಿಯಂತ್ರಿತ ಮಾರುಕಟ್ಟೆಗಳ ಮುಚ್ಚಿದ ಟೆಂಡರು ಚೀಟಿಯೂ ಇದೇ ವಂಶದ್ದು. 2014ರಲ್ಲಿ ಆರಂಭವಾದ ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯು ತಿಪಟೂರಿನ ಕೊಬ್ಬರಿಯನ್ನೂ ಗಣಕಯಂತ್ರದ ಟೆಂಡರಿಗೆ ತಂದಾಗ ಚೀಟಿಯ ಸ್ಥಾನಕ್ಕೆ ಗುಪ್ತಪದ ಬಂದಿತು; ಲಾಟಿನ ಬೆಲೆ ರೈತನ ಮೊಬೈಲಿಗೇ ಬರತೊಡಗಿತು.

ಎಂದೆಂದಿಗೂ ಬದಲಾಗದ ಗುರುತಿನಿಂದ ಒದಗುವ ವಿಪತ್ತನ್ನು ಬಲ್ಲವರಿಗೆ ಕೆಂಪುನಾರಾಯಣನು 1823ರಲ್ಲಿ ರಚಿಸಿದ ‘ಮುದ್ರಾಮಂಜೂಷ’ದ ಕಥಾವಸ್ತು ನೆನಪಿಗೆ ಬಾರದಿರದು. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಗೆ ಸಿಕ್ಕಿದ್ದೇ ತಡ, ರಾಕ್ಷಸನು ಬರೆಯದ ಓಲೆ ಅವನ ಹೆಸರಿನಲ್ಲಿ ಹುಟ್ಟಿ, ಅವನನ್ನು ನಂಬಿದ್ದ ಮಲಯಕೇತುವೇ ಅವನನ್ನು ಶಂಕಿಸುವಂತಾಯಿತು. ಉಂಗುರಕ್ಕೆ ತನ್ನ ಒಡೆಯನಾರೆಂಬ ಜ್ಞಾನವಿಲ್ಲ. ಕದ್ದವನಿಗೂ ಅದು ಅಷ್ಟೇ ನಿಷ್ಠೆಯಿಂದ ದುಡಿಯುತ್ತದೆ. ಗಣಕಯಂತ್ರದ ಸ್ಥಿರ ಗುಪ್ತಪದವೂ ಅಂತಹುದೇ.

ಈ ದೋಷಕ್ಕೆ ಮನೋಹರವಾದ ಪರಿಹಾರವನ್ನು ಸೂಚಿಸಿದವನು ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್, ವರ್ಷ 1981. ಗುಪ್ತಪದವನ್ನು ಒಂದು ಏಕಮುಖ ಗಣಿತಕ್ರಿಯೆಗೆ, ಉದಾಹರಣೆಗೆ 1000 ಸಲ, ಮತ್ತೆ ಮತ್ತೆ ಒಳಪಡಿಸಿ, ಕೊನೆಯ ಫಲವನ್ನು ಮಾತ್ರ ಎದುರಿನ ಯಂತ್ರಕ್ಕೆ ಕೊಟ್ಟಿಡುವುದು. ಮೊದಲ ಪ್ರವೇಶಕ್ಕೆ 999ನೆಯ ಫಲವನ್ನು ಹೇಳುವುದು. ಯಂತ್ರವು ಅದನ್ನು ಇನ್ನೊಮ್ಮೆ ಅದೇ ಕ್ರಿಯೆಗೆ ಒಡ್ಡಿ, ತನ್ನಲ್ಲಿರುವುದರೊಡನೆ ತಾಳೆಯಾದರೆ ಬಾಗಿಲು ತೆರೆದು, ಹಳೆಯದನ್ನಳಿಸಿ ಹೊಸದನ್ನು ಬರೆದುಕೊಳ್ಳುವುದು. ಕಾಯಿ ಕೊಬ್ಬರಿಯಾಗುವುದಲ್ಲದೆ ಕೊಬ್ಬರಿ ಮರಳಿ ಕಾಯಿಯಾಗದಂತೆ, ತಂತಿಯ ನಡುವೆ ಕದ್ದು ಕೇಳಿದವನು 999ರಿಂದ 998ಕ್ಕೆ ಹಿಂದಿರುಗಲಾರ. ದಾರಿಯನ್ನು ನಂಬಬೇಕಾಗಿಯೇ ಇಲ್ಲ ಎಂಬುದು ಈ ಯೋಚನೆಯ ಸೊಬಗು. ನನ್ನ ಮಟ್ಟಿಗೆ ಇದು ಕಳೆದ ಶತಮಾನದ ಅತ್ಯಂತ ಸುಂದರವಾದ ಕಲ್ಪನೆಗಳಲ್ಲೊಂದು. ಬೆಲ್‌ಕೋರ್ ಸಂಸ್ಥೆಯವರು ಇದನ್ನು ಎಸ್‌-ಕೀ ಎಂಬ ಹೆಸರಿನಿಂದ ಬಳಕೆಗೆ ತಂದರು. ಮುಂದೆ 2005ರಲ್ಲಿ ಎಣಿಕೆಯನ್ನು ಆಧರಿಸಿದ, 2011ರಲ್ಲಿ ಗಡಿಯಾರವನ್ನು ಆಧರಿಸಿದ ಸಾರ್ವತ್ರಿಕ ವಿಧಾನಗಳು ಪ್ರಕಟವಾದವು. ಎರಡನೆಯದರಲ್ಲಿ ಬಳಕೆದಾರನ ಮೊಬೈಲೂ ದೂರದ ಯಂತ್ರವೂ ಮೊದಲೇ ಹಂಚಿಕೊಂಡ ಒಂದು ಬೀಜರಹಸ್ಯವನ್ನು ಹೊತ್ತಿನೊಡನೆ ಬೆರೆಸಿ, ಸಾಮಾನ್ಯವಾಗಿ 30 ಸೆಕೆಂಡುಗಳಿಗೊಮ್ಮೆ, ಪರಸ್ಪರ ಮಾತಿಲ್ಲದೆಯೇ ಒಂದೇ ಸಂಖ್ಯೆಯನ್ನು ಹೆರುತ್ತವೆ.

ನಮ್ಮಲ್ಲಿ ರಿಸರ್ವ್ ಬ್ಯಾಂಕು 2009ರ ಆಗಸ್ಟ್ 1ರಿಂದ, ಅಂತರಜಾಲದಲ್ಲಿ ನಡೆಯುವ ಕಾರ್ಡು ಪಾವತಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಪ್ರಮಾಣವನ್ನು ಕೇಳಲೇಬೇಕೆಂದು ವಿಧಿಸಿತು. ಕಾಲಕ್ರಮದಲ್ಲಿ ಆ ಪ್ರಮಾಣವು ಎಸ್ಸೆಮ್ಮೆಸ್ಸಾಗಿ ಹಳ್ಳಿಹಳ್ಳಿಗೂ ಹಬ್ಬಿತು. ಸಾಮಾನ್ಯ ಕೀಲಿಮಣೆಯ ಮೊಬೈಲಿನಲ್ಲಿಯೂ ಅದು ಬರುತ್ತದೆಂಬ ಉಪಕಾರವನ್ನು ಮರೆಯಲಾಗದು. ಆದರೆ ಲ್ಯಾಂಪೋರ್ಟನು ನಂಬಬೇಡವೆಂದ ದಾರಿಯಲ್ಲಿಯೇ ಗುಟ್ಟನ್ನು ಕಳುಹಿಸುವ ಪದ್ಧತಿಯಿದು. ಸಿಮ್ಮನ್ನು ಮೋಸದಿಂದ ತನ್ನ ಹೆಸರಿಗೆ ಮಾಡಿಸಿಕೊಂಡವನಿಗೆ ಗುಟ್ಟು ತಾನಾಗಿ ಹೋಗಿ ಸೇರುತ್ತದೆ. ಬ್ಯಾಂಕಿನವನೆಂದು ಹೇಳಿಕೊಂಡು ಕರೆಮಾಡುವವನಿಗೆ ಮುಗ್ಧರು ಅದನ್ನು ಓದಿ ಹೇಳುತ್ತಾರೆ. ಓದಿ ಹೇಳುವ ಈ ಅಪಾಯ ಗಡಿಯಾರದ ವಿಧಾನಕ್ಕೂ ಉಂಟು. ಆದರೆ ಸಿಗ್ನಲ್ಲೇ ಸಿಕ್ಕದ ತೋಟದ ಮಧ್ಯದಲ್ಲಿಯೂ ಅದು ತನ್ನ ಕೆಲಸ ಮಾಡುತ್ತದೆಂಬುದನ್ನು ನಮ್ಮ ರೈತರಿಗೆ ಯಾರೂ ಸಾವಧಾನವಾಗಿ ಕನ್ನಡದಲ್ಲಿ ತಿಳಿಸಿಕೊಟ್ಟಂತೆ ಕಾಣದು.

2024ರಲ್ಲಿ ಬೆಂಬಲ ಬೆಲೆಯ ಕೊಬ್ಬರಿ ಖರೀದಿಗೆ ನಡೆದ ನೋಂದಣಿಯು ಅಕ್ರಮದ ದೂರುಗಳಿಂದ ರದ್ದಾಗಿ, ರೈತರು ಮರಳಿ ಸಾಲುಗಟ್ಟಿ ಬೆರಳಚ್ಚು ಕೊಡಬೇಕಾಯಿತು. ಬೆರಳಿಗಿಂತ ಖಚಿತವಾದ ಗುರುತು ಯಾವುದೆಂದು ಕೇಳುವುದು ಸಹಜ. ಆದರೆ ಮಟ್ಟೆ ಸುಲಿದು, ಮರ ಹತ್ತಿ, ಮಣ್ಣು ಅಗೆದ ಬೆರಳ ಗೆರೆಗಳು ಸವೆಯುತ್ತವೆ. ಯಂತ್ರವು ಮತ್ತೆ ಮತ್ತೆ ಒತ್ತೆನ್ನುತ್ತದೆ. ಮೇಲಾಗಿ ಬೆರಳಚ್ಚೂ ರಾಕ್ಷಸನ ಉಂಗುರದ ಜಾತಿಗೆ ಸೇರಿದ್ದು: ಅದರ ಒಂದು ನಕಲು ಕಳ್ಳನ ವಶವಾದರೆ ಹೊಸ ಬೆರಳನ್ನು ಯಾವ ಕಚೇರಿಯೂ ಕೊಡಲಾರದು. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನವು, 2026ರ ಏಪ್ರಿಲ್ 1ರಿಂದ ಎಸ್ಸೆಮ್ಮೆಸ್ಸಿನಾಚೆಯ ವಿಧಾನಗಳಿಗೂ ಎಡೆಮಾಡಿಕೊಟ್ಟು, ಅಂಗಡಿಯಲ್ಲಿ ಕಾರ್ಡನ್ನು ಎದುರಿಗಿಟ್ಟು ನಡೆಸುವ ಪಾವತಿಯ ಹೊರತು, ಎರಡು ಪ್ರಮಾಣಗಳಲ್ಲಿ ಒಂದಾದರೂ ಆಯಾ ವ್ಯವಹಾರಕ್ಕೆಂದೇ ಹೊಸದಾಗಿ ಹುಟ್ಟಿದ್ದಾಗಿರಬೇಕೆಂಬ ನಿಯಮವನ್ನಿಟ್ಟಿದೆ. ಹಾಲ್ಕುರಿಕೆಯಂತಹ ಊರುಗಳಲ್ಲಿ ಮೊಮ್ಮಗನ ಕೈಗೆ ಮೊಬೈಲು ಕೊಟ್ಟು “ಓಟಿಪಿ ಬಂತೇನೋ ನೋಡಪ್ಪ” ಎನ್ನುವ ಅಜ್ಜಂದಿರಿಗೆ ಆ ಹೊಸ ವಿಧಾನಗಳನ್ನು ಕಲಿಸುವ ಕೆಲಸವನ್ನು ಸಹಕಾರ ಸಂಘಗಳೂ ಬ್ಯಾಂಕುಗಳೂ ಈಗಲೇ ಕೈಗೆತ್ತಿಕೊಳ್ಳಬೇಕಾಗಿದೆ.